ಬ್ಯಾಟ್ರಿ ಹಮ್ಮಣ್ಣ

ನನ್ನಪ್ಪ ಇಪ್ಪತ್ತಾರು ವರ್ಷ
ಪರೇಲಿನ ನವರಂಜನ ಟಾಕೀಸಿನಲ್ಲಿ
ಜನಕ್ಕೆ ಕತ್ತಲಲ್ಲಿ ಕುರ್ಚಿ ತೋರಿಸಿದ.

ಒಂದು ಸಿನಿಮಾದ ಮೊದಲನ್ನೂ ನೋಡಿದವನಲ್ಲ —
ಹೆಸರುಗಳು ಬೀಳುವಾಗ ಅವನು
ತಡವಾಗಿ ಬಂದವರ ಚಪ್ಪಲಿಗಳ ಮುಂದೆ
ಅಂಗೈಯಷ್ಟು ಬೆಳಕು ಹಾಸುತ್ತ
ಬಗ್ಗಿಕೊಂಡೇ ಹಿಂದೆ ಹಿಂದೆ ನಡೆಯುತ್ತಿದ್ದ.
ಕೊನೆಯನ್ನೂ ನೋಡಿಲ್ಲ: ಹೀರೋಯಿನ್ ಓಡಿ ಬರುವ ಮೊದಲೇ
ಬಾಗಿಲ ಅಗುಳಿ ತೆಗೆಯಬೇಕಲ್ಲ.

ನಡುವಿನ ಹೊತ್ತು ಪರದೆಗೆ ಬೆನ್ನು ಹಾಕಿ
ಅದರ ಬೆಳಕು ಬಿದ್ದ ಮುಖಗಳನ್ನು ನೋಡುತ್ತಿದ್ದ.

ರಾತ್ರಿ ಒಂದಕ್ಕೆ ಚಾಳಿಗೆ ಬಂದು
ಗಂಜಿಯ ಜೊತೆ ಸುಟ್ಟ ಒಣಮೀನು ಮುರಿಯುತ್ತ
ಅವ್ವನಿಗೆ ಕಥೆ ಹೇಳುವುದು ಹೀಗೆ:
"ತಾಯಿ ಕಾಗದ ಓದುತ್ತಾಳಲ್ಲ, ಅಲ್ಲಿ
ಎಫ್ ಸಾಲಿನ ಪೊಲೀಸನೊಬ್ಬ ಟೊಪ್ಪಿಯಲ್ಲಿ ಮುಖ ಮುಚ್ಚಿದ.
ಮೂಲೆಯ ಮುದುಕಿ ಸೆರಗು ಕಚ್ಚಿದವಳು
ದೀಪ ಬಂದರೂ ಬಿಡಲಿಲ್ಲ."
ಅವ್ವ ಕೇಳುವಳು: ಕಾಗದದಲ್ಲಿ ಏನಿತ್ತು?
ಅಪ್ಪನಿಗೆ ಗೊತ್ತಿಲ್ಲ.
"ಏನೋ ಕೆಟ್ಟದ್ದೇ. ಬಾಲ್ಕನಿ ಪೂರ್ತಿ ಮೂಗೆಳೆಯಿತು."

ಚಾದರದೊಳಗೆ ನಿದ್ದೆ ನಟಿಸುತ್ತ
ನಾನು ಆ ಕಾಗದಕ್ಕೆ ಮಾತು ತುಂಬುತ್ತಿದ್ದೆ.
ನನಗೆ ಗೊತ್ತಿರುವ ಅರ್ಧ ಸಿನಿಮಾಗಳು
ಹಾಗೆ ನಾನೇ ತೆಗೆದವು.
ಮುಂದೆ ಟೀವಿಯಲ್ಲಿ ನಿಜದ್ದು ಬಂದಾಗ
ಎಲ್ಲ ಸ್ವಲ್ಪ ಸಪ್ಪೆ.

ಹೊಸ ಹುಡುಗನೊಬ್ಬ ಒಮ್ಮೆ ಬ್ಯಾಟ್ರಿ ಎತ್ತಿ
ಬಿಕ್ಕುತ್ತಿದ್ದ ಹುಡುಗಿಯ ಮುಖಕ್ಕೆ ಬಿಟ್ಟನಂತೆ.
ಯಾರಿಗೂ ಕೈ ಎತ್ತದ ಅಪ್ಪ
ಅವನ ಕಪಾಳಕ್ಕೆ ಬಿಟ್ಟ.
ಬೆಳಕು ಮೊಣಕಾಲಿನ ಕೆಳಗೆ. ಅಷ್ಟೇ ಅವನ ವೇದ.

ಗಿರಣಿಗಳು ನಿಂತ ವರ್ಷ
ಭೋಂಗಾ ಇಲ್ಲದೆ ಬೆಳಗಾಗುತ್ತಿತ್ತು.
ಅಕ್ಕಿ ಅಂಗಡಿಯಲ್ಲಿ ಉದ್ರಿ ಪುಸ್ತಕ ದಪ್ಪವಾಯಿತು,
ಮ್ಯಾಟಿನಿಗೆ ಮಾತ್ರ ಜನ.
ದುಡ್ಡೆಲ್ಲಿಂದ ಬಂತು ಅಂತ ಅಪ್ಪ ಕೇಳಲಿಲ್ಲ;
ಕೆಲವರ ಟಿಕೇಟು ಹರಿಯದೆ
ಹಾಗೇ ಕೈಗೆ ವಾಪಸಿಟ್ಟ, ನಾಳೆಗಾಯಿತು ಅಂತ.

ನೂಲುಖಾತೆಯ ವಿಠೋಬಾ ಶೇಲಾರ
ಹನ್ನೊಂದು ದಿನ ಬಂದ, ಒಂದೇ ಸಿನಿಮಾಕ್ಕೆ.
ನಗೆಯ ಸಿನಿಮಾ. ಮಾವ ಕೆಸರಿಗೆ ಬೀಳುತ್ತಾನೆ,
ಕೋಳಿ ಪೊಲೀಸ್ ಠಾಣೆಗೆ ನುಗ್ಗುತ್ತದೆ,
ಟಾಕೀಸಿಗೆ ಟಾಕೀಸೇ ಹೊಟ್ಟೆ ಹಿಡಿದು ಉರುಳುವಾಗ
ವಿಠೋಬಾ ಭುಜ ಕುಲುಕುತ್ತ, ಬಾಯಿ ತೆರೆದು
ಅಳುತ್ತಿದ್ದ.

ಕೊನೆಯ ದಿನ ಕಟಿಂಗ್ ಚಹಾ ಕೈಗಿಟ್ಟು ಅಪ್ಪ
ತನ್ನ ಅಂಕೋಲೆಯ ಮರಾಠಿಯಲ್ಲಿ ಕೇಳಿದ:
ಅಳುವ ಸಿನಿಮಾ ಎದುರು ಟಾಕೀಸಿನಲ್ಲಿದೆಯಲ್ಲ?
"ಅಲ್ಲಿ ಅತ್ತರೆ ಅವರ ಲೆಕ್ಕಕ್ಕೆ ಹೋಗುತ್ತದೆ, ಹಮ್ಮಣ್ಣ.
ಇಲ್ಲಿ ಅತ್ತದ್ದು ನನ್ನದು."

ಇದನ್ನು ಹೇಳುವಾಗ ಅಪ್ಪನ ಕೈ
ಗಂಜಿಯಲ್ಲೇ ನಿಂತಿತ್ತು.
ಅವ್ವ ಆ ರಾತ್ರಿ ಏನೂ ಕೇಳಲಿಲ್ಲ.

ನವರಂಜನವನ್ನು ಕೆಡವಿದರು. ಕುರ್ಚಿಗಳು ಕೇಜಿ ಲೆಕ್ಕದಲ್ಲಿ ಹೋದವು.
ಗಿರಣಿಯದೊಂದು ಚಿಮಣಿ ಉಳಿಸಿ
ಸುತ್ತ ಗಾಜಿನ ಮಾಲು ಎದ್ದಿತು.
ಹೋದ ಭಾನುವಾರ ಕರೆದುಕೊಂಡು ಹೋದೆ:
ನಾಲ್ಕನೇ ಮಹಡಿ, ಕಾಲು ಚಾಚುವ ಕುರ್ಚಿ,
ಒಂದು ಡಬ್ಬ ಪಾಪ್‌ಕಾರ್ನಿಗೆ
ಅವನ ಆ ಕಾಲದ ಒಂದು ತಿಂಗಳ ಪಗಾರ.
ಹೆಸರು ಬೀಳತೊಡಗಿದ್ದೇ ಎದ್ದು ನಿಂತ.
ಭುಜ ಅದುಮಿ ಕೂರಿಸಿದೆ.
ಕೂತ, ಪರೀಕ್ಷೆಗೆ ಕೂತವನ ಹಾಗೆ.

ನಡುವೆಲ್ಲೋ ನನ್ನ ಬೆಂಡೋಲೆ ಜಾರಿತು.
ಮೊಬೈಲಿನ ಬೆಳಕು ಹಚ್ಚಿ ಬಗ್ಗಿದೆ.
ತಟ್ಟನೆ ಅದರ ಮೇಲೆ ಅವನ ಅಂಗೈ —
ಚರ್ಮ ಕೆಂಪಗೆ ಬೆಳಗಿತು, ಒಳಗಿನ ಎಲುಬು ನೆರಳಾಗಿ.
"ಆರಿಸು," ಅಂದ, ತಲೆ ತಿರುಗಿಸದೆ.
"ಹಿಂದೆ, ಎರಡನೇ ಸಾಲು. ಯಾರೋ ಅಳುತ್ತಿದ್ದಾರೆ."

ಪರದೆಯ ಮೇಲೆ ಆಗ
ಒಂದು ಕಾರು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು.
ನಾನು ತಿರುಗಿ ನೋಡಲಿಲ್ಲ.
ಬೆಂಡೋಲೆ ಸಿಗಲಿಲ್ಲ.